ಹಗ್ಗದ ಪಾಠ

ಇಂಟರ್ನೆಟ್ಟಿನ ಪಾಠದ ಬಳಗದ ಗಡ್ಡದವರ ಸಂದೇಶ ಬೆಳಿಗ್ಗೆಯೇ ಬಂದಿತ್ತು. ಲೈನಮ್ಮ ಅದನ್ನು ಓದಿಯೂ ಓದದವಳ ಹಾಗೆ ಹಾಲು ಕಾಯಿಸಿದಳು, ಬಚ್ಚಲಲ್ಲಿ ಬಟ್ಟೆ ನೆನೆಹಾಕಿದಳು, ಕಿಟಕಿಯ ಗಾಜಿಗೆ ಅಂಟಿದ್ದ ಯಾವುದೋ ಹುಳುವನ್ನು ಉಗುರಿನಿಂದ ಕೆರೆದಳು; ಅದು ಹುಳುವಲ್ಲ, ಗಾಜಿನದೇ ಕಲೆ ಎಂದು ಗೊತ್ತಾದ ಮೇಲೂ ಇನ್ನಷ್ಟು ಹೊತ್ತು ಕೆರೆದಳು. ಸಂದೇಶದಲ್ಲಿ ಇದ್ದದ್ದು ಇಷ್ಟೆ: ಮೇಷ್ಟ್ರ ಭಾಗಾಕಾರದ ವಿಡಿಯೊ ಪಾಠದ ಕಸ ತೆಗೆದ ಪ್ರತಿ ಸಿದ್ಧವಾಗಿದೆ, ನಡುವೆ ಬರುವ ಹೆಂಗಸಿನ ಕೂಗನ್ನೂ, ಅದಾದ ಮೇಲೆ ಖಾಲಿ ಮೇಜು ಕಾಣುವ ಭಾಗವನ್ನೂ ಕತ್ತರಿಸಿದ್ದೇನೆ, ಮಧ್ಯಾಹ್ನದ ಸಭೆಯಲ್ಲಿ ನೀವು ಹೂಂ ಎಂದರೆ ಇನ್ನು ಮುಂದೆ ಎಲ್ಲ ಭಾಷೆಗಳಿಗೂ ಇದೇ ಮೂಲಪ್ರತಿ. ಕೊನೆಗೊಂದು ನಗುವ ಮುಖ. ಗಡ್ಡದವರಿಗೆ ಆ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ಬಳಗದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ಹೆಂಗಸು ಲೈನಮ್ಮನೇ.

ಅವಳು ಕೂಗಿದ ಮಾತು ಅವಳಿಗೆ ಬಾಯಿಪಾಠವಾಗಿತ್ತು. "ಸಾಕು ಮಾಡ್ರೀ! ಯಾರು ಕೇಳ್ತಾರೆ ನಿಮ್ಮ ಪಾಠಾನ?" ಅಷ್ಟೇ. ಗಂಡನಿಗೆ ಹೆಂಡತಿ ಹೇಳುವ ಮಾತುಗಳಲ್ಲಿ ಇದು ಅಂಥ ದೊಡ್ಡದೇನಲ್ಲ, ಇದಕ್ಕಿಂತ ಖಾರದ್ದನ್ನು ಬೀದಿಯ ಪ್ರತಿ ಮನೆಯೂ ದಿನಕ್ಕೊಮ್ಮೆ ಕೇಳಿಸಿಕೊಂಡು ಅರಗಿಸಿಕೊಳ್ಳುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳ ಮಾತು ಹೋಗಲಿಲ್ಲ. ಉಳಿಯಿತು, ಉಳಿದು ಊರೂರು ಸುತ್ತಿತು, ಅವಳು ಹೆಸರನ್ನೂ ಕೇಳದ ದೇಶಗಳ ಶಾಲೆಗಳಲ್ಲಿ, ಅವಳ ಭಾಷೆಯ ಒಂದಕ್ಷರವೂ ಬರದ ಮಕ್ಕಳ ಎದುರಿಗೆ, ದಿನವೂ ಎಲ್ಲೋ ಒಂದು ಕಡೆ ಅವಳು ಗಂಡನ ಮೇಲೆ ಕೂಗುತ್ತಲೇ ಇದ್ದಳು. ಪಾತ್ರೆ ತೊಳೆಯುವಾಗ ಒಮ್ಮೊಮ್ಮೆ ಕೈ ನಿಂತುಬಿಡುತ್ತಿತ್ತು: ಈಗ, ಈ ಕ್ಷಣದಲ್ಲಿ, ಎಲ್ಲಿ ಕೂಗುತ್ತಿರಬಹುದು ನಾನು?

ಮೇಷ್ಟ್ರು ಹಿತ್ತಿಲಲ್ಲಿದ್ದರು. ನಿವೃತ್ತರಾದ ಮೇಲೂ ಹೆಂಡತಿಯಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರಿಗೂ ಅವರು ಮೇಷ್ಟ್ರೇ. ಬಟ್ಟೆ ಒಣಹಾಕುವ ಹಗ್ಗ ನಿನ್ನೆ ಸಂಜೆ ಹಸಿ ಹೊದಿಕೆಯ ಭಾರಕ್ಕೆ ಕಿತ್ತುಬಂದಿತ್ತು, ಅದನ್ನು ಕಟ್ಟುತ್ತೇನೆಂದು ಬೆಳಿಗ್ಗೆಯಿಂದ ಹೇಳುತ್ತಿದ್ದರು, ಈಗ ಕಂಬದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಅದರ ತುದಿಯನ್ನು ಬೆರಳಿಂದ ಹೊಸೆಯುತ್ತಿದ್ದರು. ಅಡುಗೆಮನೆಯ ಬಾಗಿಲಿಂದ ಅವರ ಬೆನ್ನು ಕಾಣುತ್ತಿತ್ತು. ಈ ಬೆನ್ನಿಗೆ ಎಲ್ಲ ಗೊತ್ತು ಎಂದು ಲೈನಮ್ಮನಿಗೆ ಅನ್ನಿಸಿತು, ಆದರೆ ಬೆನ್ನುಗಳು ಬಾಯಿಬಿಡುವುದಿಲ್ಲ. ಅವಳು ಕೂಗಿದ ದಿನವೂ ಹಗ್ಗವೇ. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಹೋಗಿ ಅವಳು ಮನೆಗೆ ಬಂದು ಕೂತ ವರ್ಷ ಅದು. ಬಕೆಟ್ಟಿನಲ್ಲಿ ಹಿಂಡಿಟ್ಟ ಬಟ್ಟೆ, ನೆಲದ ಮೇಲೆ ತುಂಡಾಗಿ ಬಿದ್ದ ಹಗ್ಗ, ಒಳಗಿನ ಸಾಮಾನಿನ ಕೋಣೆಯಲ್ಲಿ ಹೊರಗಿನ ಸದ್ದು ಬರದಿರಲೆಂದು ನಾಲ್ಕೂ ಗೋಡೆಗೆ ಕಂಬಳಿ ಇಳಿಬಿಟ್ಟುಕೊಂಡು ಮೇಷ್ಟ್ರ ಪಾಠದ ರೆಕಾರ್ಡಿಂಗು. ಎರಡು ಸಲ ಮೆತ್ತಗೆ ಕರೆದಿದ್ದಳು. ಮೂರನೆಯದು ಮೆತ್ತಗೆ ಬರಲಿಲ್ಲ.

ಲೈನಮ್ಮ ಎನ್ನುವುದು ಎಕ್ಸ್‌ಚೇಂಜಿನಲ್ಲಿ ಜೊತೆಯವರು ಇಟ್ಟ ಹೆಸರು. ಅವಳ ಹಾಗೆ ಲೈನು ಕೊಡುವವರು ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಒಂದು ವೈರು, ಇನ್ನೊಂದರಲ್ಲಿ ಇನ್ನೊಂದು, ಯಾರೋ ಅಳುತ್ತಿದ್ದರೆ ಅವರ ಅಳು ನಿಲ್ಲುವ ತನಕ "ಲೈನಲ್ಲೇ ಇರಿ, ನಾನಿದೀನಿ" ಎನ್ನುತ್ತ, ಅವಸರದವರಿಗೆ ಅವಸರದಲ್ಲಿ, ಮುದುಕರಿಗೆ ನಿಧಾನದಲ್ಲಿ. ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಹುಟ್ಟಿದ್ದಾಳೆ ಎನ್ನುತ್ತಿದ್ದರು. ಬೆಲ್ಲವೆಲ್ಲ ಊರಿನವರಿಗೆ ಖರ್ಚಾಗಿ, ಸಂಜೆ ಮನೆಗೆ ತರುತ್ತಿದ್ದದ್ದು ಖಾಲಿ ಡಬ್ಬಿ. ಆಮೇಲೆ ಯಂತ್ರ ಬಂತು, ಜನ ತಾವೇ ನಂಬರು ಒತ್ತಿಕೊಂಡರು, ಅವಳು ಲೈನು ಜೋಡಿಸುತ್ತಿದ್ದ ಬೋರ್ಡನ್ನು ಒಂದು ಶನಿವಾರ ಗೋಡೆಯಿಂದ ಕಿತ್ತು ಅಂಗಳದಲ್ಲಿ ಮಕಾಡೆ ಮಲಗಿಸಿದರು. ಅದರ ಹಿಂಬದಿಯನ್ನು ಅವಳು ನೋಡಿದ್ದು ಆವತ್ತೇ ಮೊದಲು. ಎಂಥ ಗಿಜಿಬಿಜಿ, ಎಷ್ಟು ಬಣ್ಣದ ವೈರುಗಳು, ಇಷ್ಟು ವರ್ಷ ಇದರ ಮುಂದೆ ಕೂತು ಹಿಂದೆ ಏನಿದೆ ಎಂದು ನೋಡಲೇ ಇಲ್ಲವಲ್ಲ ಎಂದು ದುಃಖಕ್ಕಿಂತ ಹೆಚ್ಚಾಗಿ ಆಶ್ಚರ್ಯಪಟ್ಟಿದ್ದಳು. ಮನೆಯಲ್ಲಿ ಕೂತ ಮೇಲೆ ಹಲೋ ಎನ್ನಲು ಯಾರೂ ಇರಲಿಲ್ಲ. ಒಳಗೆ ಗಂಡ ಕಂಬಳಿಗಳ ನಡುವೆ ಕಾಣದ ಮಕ್ಕಳಿಗೆ "ನೋಡಿ ಮಕ್ಕಳೇ" ಎನ್ನುತ್ತಿದ್ದರೆ ಹೊಟ್ಟೆಯಲ್ಲಿ ಏನೋ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದು ಅವಳು ಅದಕ್ಕೆ ಹೆಸರಿಟ್ಟದ್ದು ತುಂಬ ತಡವಾಗಿ.

ಆ ಪಾಠದ ಚಿತ್ರದಲ್ಲಿ ಮೇಷ್ಟ್ರ ಮುಖವಿಲ್ಲ. ಕ್ಯಾಮೆರಾ ಮೇಲಿನಿಂದ ಮೇಜನ್ನು ನೋಡುತ್ತದೆ. ಎರಡು ಕೈ, ಒಂದು ಕರಿಹಲಗೆ, ಸೀಮೆಸುಣ್ಣ. ಮೂರನ್ನು ಅರ್ಧದಿಂದ ಭಾಗಿಸಿದರೆ ಆರು ಯಾಕೆ, ಭಾಗಿಸಿದ ಮೇಲೆ ಕಡಿಮೆಯಾಗಬೇಕಾದದ್ದು ಜಾಸ್ತಿಯಾಗುವುದು ಹೇಗೆ ಎಂದು ಹೇಳಲು ಹೊರಟವರು ಲೆಕ್ಕದ ಪುಸ್ತಕದಲ್ಲಿರುವ ಹಾಗೆ ತಲೆಕೆಳಗು ಮಾಡಿ ಗುಣಿಸಿ ಎನ್ನುತ್ತಾರೆ, ಹಲಗೆಯ ಮೇಲೆ ಅಂಕಿಗಳು ಪಲ್ಟಿ ಹೊಡೆಯುತ್ತವೆ. ಆಗ ಅವಳ ಕೂಗು. ಸೀಮೆಸುಣ್ಣ ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತದೆ. ಆಮೇಲೆ ಎರಡೂ ಕೈ ಚಿತ್ರದಿಂದ ಹೊರಟುಹೋಗುತ್ತವೆ, ಬರೀ ಮೇಜು. ಅಷ್ಟು ಹೊತ್ತಿನಲ್ಲಿ ಮೇಷ್ಟ್ರು ಮಾಡಿದ್ದೇನೆಂದು ಲೈನಮ್ಮನಿಗೆ ಮಾತ್ರ ಗೊತ್ತು: ಹಿತ್ತಿಲಿಗೆ ಬಂದರು, ಅವಳ ಕಡೆ ನೋಡದೆ ನೆಲದ ಮೇಲಿನ ಹಗ್ಗ ಎತ್ತಿಕೊಂಡರು. ಅಂತೂ ಕಟ್ಟುತ್ತಾರಲ್ಲ ಎಂದು ಅವಳು ಬಕೆಟ್ಟು ಎತ್ತಿದಳು. ಅವರು ಹಗ್ಗದ ಸಮೇತ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವಳು ಹೋಗಿ ನೋಡಿದಾಗ ಬಟ್ಟೆ ಹಗ್ಗ ಮೇಜಿನ ಮೇಲೆ ಅರ್ಧರ್ಧ ಮೀಟರಿನ ಆರು ತುಂಡಾಗಿ ಸಾಲಾಗಿ ಮಲಗಿತ್ತು. ಮೂರು ಮೀಟರಿನಲ್ಲಿ ಅರ್ಧ ಮೀಟರು ಆರು ಸಲ ಇದೆ. ಅವಳು ಬಟ್ಟೆಯನ್ನೆಲ್ಲ ಕಿಟಕಿಯ ಸರಳಿಗೂ ಕುರ್ಚಿಯ ಬೆನ್ನಿಗೂ ಹಾಕಿ, ಆ ದಿನ ಗಂಡನ ಜೊತೆ ಮಾತಾಡಲಿಲ್ಲ. ಅವರೂ ಆಡಲಿಲ್ಲ. ಮಾರನೇ ದಿನ ಹೊಸ ಹಗ್ಗ ಬಂತು, ಅದೂ ಮಾತಿಲ್ಲದೆ.

ಪಾಠಗಳನ್ನು ಇಂಟರ್ನೆಟ್ಟಿಗೆ ಹಾಕಿಕೊಟ್ಟದ್ದು ಅವಳ ತಂಗಿಯ ಮಗಳು. "ದೊಡ್ಡಮ್ಮ, ಇವನ್ನ ತೆರೆದ ಪಾಠ ಅಂತ ಹಾಕೋಣ. ಯಾರು ಬೇಕಾದ್ರೂ ತಗೋಬಹುದು, ಬದಲಾಯಿಸಬಹುದು, ಹಂಚಬಹುದು. ದೊಡ್ಡಪ್ಪನ ಹೆಸರು ಹೇಳಿದ್ರೆ ಸಾಕು" ಎಂದಾಗ ಲೈನಮ್ಮನಿಗೆ ಅರ್ಥವಾದದ್ದು, ಯಾರಿಗೂ ಬೇಡವಾದ ವಸ್ತುವನ್ನು ಬಾಗಿಲ ಹೊರಗೆ ಇಡುವ ಉಪಾಯ ಎಂದು. ಆದರೆ ಚಿತ್ರದ ಕೆಳಗೆ ಓದಲು ಬರುವ ಹಾಗೆ ಪಾಠದ ಮಾತುಗಳನ್ನು ಟೈಪು ಮಾಡುವಾಗ ಅವಳ ಕೈ ತನ್ನ ಕೂಗಿನ ಹತ್ತಿರ ಬಂದು ನಿಂತಿತು. ಮೇಷ್ಟ್ರು ಕತ್ತರಿ ಹಾಕುವುದನ್ನು ಕಲಿತಿದ್ದರು. ತಮ್ಮ ಕೆಮ್ಮು ತೆಗೆದಿದ್ದರು, ಬೀದಿನಾಯಿಯನ್ನು ತೆಗೆದಿದ್ದರು, ಎದುರಿನ ಟೈರು ಅಂಗಡಿಯ ಸುತ್ತಿಗೆಯ ಸದ್ದನ್ನು ಒಂದೊಂದಾಗಿ ಹೆಕ್ಕಿ ತೆಗೆದಿದ್ದರು. ಅವಳ ಮಾತು ಮಾತ್ರ ಇದ್ದ ಹಾಗೇ ಇತ್ತು. ಅವಳು "ಹಿನ್ನೆಲೆ ಸದ್ದು" ಎಂದು ಟೈಪು ಮಾಡಿ, ಕಂಪ್ಯೂಟರು ಮುಚ್ಚಿ, ಉಳಿದದ್ದನ್ನು ನೀನೇ ಮಾಡಮ್ಮ ಎಂದು ತಂಗಿಯ ಮಗಳಿಗೆ ದಾಟಿಸಿದಳು. ಅಲ್ಲಿಂದ ಮುಂದೆ ಆ ಪಾಠವನ್ನು ಅವಳು ಕೇಳಿಲ್ಲ. ಎಷ್ಟೋ ಸಲ ಕೇಳಲು ಕೂತಿದ್ದಾಳೆ, ತನ್ನ ಧ್ವನಿ ಬಂದ ಕೂಡಲೇ ಬೆರಳು ತಾನಾಗಿ ನಿಲ್ಲಿಸಿಬಿಡುತ್ತದೆ. ಮೇಷ್ಟ್ರು ಬೈಯುವವರಲ್ಲ. ಉತ್ತರಪತ್ರಿಕೆಯಲ್ಲಿ ತಪ್ಪು ಕಂಡರೆ ಕೆಂಪು ಗೆರೆ ಎಳೆಯದೆ ಪಕ್ಕದಲ್ಲೊಂದು ಸಣ್ಣ ಚುಕ್ಕೆ ಇಟ್ಟು ಬಿಡುತ್ತಿದ್ದರು, ಹುಡುಗರೇ ಹುಡುಕಿಕೊಳ್ಳಲಿ ಎಂದು. ಇದೂ ಅಂಥದೇ ಒಂದು ಚುಕ್ಕೆ ಎಂದುಕೊಂಡಳು. ಕೇಳೋಣವೆಂದರೆ ಅವರ ಉತ್ತರ ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಎರಡೂ ಕಡೆ ಬೆಳಕು, ಯಾವ ಕಡೆಯೂ ಸರಿಯಾಗಿ ಕಾಣುವುದಿಲ್ಲ. ಕೇಳಲಿಲ್ಲ.

ಕೇಳುವ ಬದಲು ಕೇಳುಗರನ್ನು ಹುಡುಕಿದಳು. ಇದನ್ನು ಅವಳು ಯಾರಿಗೂ ಹೇಳಿಲ್ಲ, ತನಗೆ ತಾನೇ ಹೇಳಿಕೊಂಡದ್ದೂ ಅಪರೂಪ. ಯಾರು ಕೇಳ್ತಾರೆ ಎಂದವಳು ತಾನೇ, ಹಾಗಾದರೆ ತಾನೇ ಹುಡುಕಿಕೊಡಬೇಕು. ಮೊದಲು ಒಬ್ಬ ಟೀಚರು ಬರೆದಳು, ಯಾವುದೋ ದ್ವೀಪದವಳು, ಎಲ್ಲ ತರಗತಿಗಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಹೇಳುವವಳು: ನಿಮ್ಮ ಭಾಷೆ ಅರ್ಥವಾಗಲಿಲ್ಲ, ಹಗ್ಗ ಅರ್ಥವಾಯಿತು. ಲೈನಮ್ಮ ಅದಕ್ಕೆ ಉತ್ತರ ಬರೆದಳು. ಇನ್ನೊಬ್ಬರು ಬರೆದರು, ಅವರನ್ನು ದ್ವೀಪದವಳಿಗೆ ಜೋಡಿಸಿದಳು. ಒಬ್ಬರಿಗೆ ತ್ರಿಕೋನದ ಪಾಠ ಬೇಕು, ಇನ್ನೊಬ್ಬರ ಹತ್ತಿರ ಅದು ಇದೆ. ಒಬ್ಬರಿಗೆ ಚಿತ್ರ ಬಿಡಿಸಲು ಬರುತ್ತದೆ, ಇನ್ನೊಬ್ಬರಿಗೆ ಅನುವಾದ. ಒಂದು ಕೈಯಲ್ಲಿ ಒಂದು ವೈರು, ಇನ್ನೊಂದರಲ್ಲಿ ಇನ್ನೊಂದು. ಯಾರಾದರೂ ಬಂದು ಮಾತಾಡದೆ ಮೂಲೆಯಲ್ಲಿ ನಿಂತರೆ ಮರುದಿನ ಅವರಿಗೊಂದು ಸಣ್ಣ ಸಂದೇಶ: ಲೈನಲ್ಲೇ ಇರಿ, ನಾನಿದೀನಿ. ಎಲ್ಲರಿಗೂ ಅರ್ಧಂಬರ್ಧ ಬರುವ ಒಂದು ಭಾಷೆಯಲ್ಲಿ, ತಪ್ಪುಗಳನ್ನು ಯಾರೂ ಎತ್ತಿ ಆಡದ ಸಡಿಲಿನಲ್ಲಿ, ಬಳಗ ಬೆಳೆಯಿತು. ಅಲ್ಲಿ ಅವಳ ಹೆಸರು ಆಪರೇಟರ್. ಮೇಷ್ಟ್ರ ಹೆಂಡತಿ ಎಂದು ಗೊತ್ತು. ಕೂಗಿದವಳು ಎಂದು ಗೊತ್ತಿಲ್ಲ. ಕೂಗಿದವಳ ಧ್ವನಿಗೂ ಆಪರೇಟರ್ ಧ್ವನಿಗೂ ಹೋಲಿಕೆಯೇ ಇಲ್ಲವಲ್ಲ.

ಮತ್ತೆ, ಸುಳ್ಳೇಕೆ, ಅವಳಿಗೆ ಅದು ಇಷ್ಟವಾಗಿಬಿಟ್ಟಿತು. ತಪ್ಪು ತೀರಿಸಲು ಹೋದವಳು ಹಬೆಯಾಡುವ ಟೀ ಹಿಡಿದುಕೊಂಡು ಪರದೆಯ ಮುಂದೆ ಕೂರಲು ಕಾತರಿಸುವವಳಾದಳು. ಎಕ್ಸ್‌ಚೇಂಜಿನಲ್ಲಿ ಬರೀ ಧ್ವನಿಗಳಿದ್ದವು, ಆ ಧ್ವನಿಗಳ ಮೂಗು ಹೇಗಿರಬಹುದು, ಕೂತಿರುವ ಕುರ್ಚಿ ಎಂಥದು ಎಂದು ಊಹಿಸಿಯೇ ಆಯಸ್ಸು ಕಳೆದಿತ್ತು. ಈಗ ಪರದೆ ತುಂಬ ಪುಟ್ಟ ಪುಟ್ಟ ಕಿಟಕಿಗಳು, ಒಂದರಲ್ಲಿ ಆಗತಾನೇ ಬೆಳಗಾಗುತ್ತಿರುವ ಬೆಳಕು, ಇನ್ನೊಂದರಲ್ಲಿ ಹಳದಿ ದೀಪ. ಅವಳ ಕಣ್ಣು ಮಾತಾಡುವವರ ಮುಖದ ಮೇಲೆ ಕಡಿಮೆ, ಬೆನ್ನಿನ ಹಿಂದೆ ಜಾಸ್ತಿ. ಗಡ್ಡದವರ ಹಿಂದಿನ ಕಪಾಟಿಗೆ ಒಂದು ಹಿಡಿ ಇಲ್ಲ, ಬದಲಿಗೆ ಹುರಿ ಕಟ್ಟಿದ್ದಾರೆ. ಯಾರದೋ ಕಿಟಕಿಯಲ್ಲಿ ಆಗಾಗ ಒಂದು ಬೆಕ್ಕಿನ ಬಾಲ ಮಾತ್ರ ಎಡದಿಂದ ಬಲಕ್ಕೆ ಹೋಗುತ್ತದೆ, ಬೆಕ್ಕನ್ನು ಇದುವರೆಗೆ ಯಾರೂ ನೋಡಿಲ್ಲ. ದ್ವೀಪದ ಟೀಚರ ಹಿಂದೆ ಸದಾ ಒಂದು ಬಾಗಿಲು, ಅದು ಎಲ್ಲಿಗೆ ತೆರೆಯುತ್ತದೆ ಎಂದು ಲೈನಮ್ಮನಿಗೆ ಎಷ್ಟೋ ದಿನದ ಕುತೂಹಲ. ಬೋರ್ಡಿನ ಹಿಂಬದಿ ನೋಡದೆ ಹೋದವಳು ಈಗ ಎಲ್ಲರ ಹಿಂಬದಿ ನೋಡುತ್ತಿದ್ದೇನೆ ಎಂದು ಒಬ್ಬಳೇ ನಗುತ್ತಾಳೆ. ಮೇಷ್ಟ್ರು ಮಾತ್ರ ಈ ಕಡೆ ತಲೆ ಹಾಕುವುದಿಲ್ಲ. "ನನ್ನ ಕೆಲಸ ಹೇಳೋದು, ಹೇಳಾಯ್ತು" ಎನ್ನುತ್ತಾರೆ. ಅದರಲ್ಲಿ ಏನಾದರೂ ಚುಚ್ಚು ಇದೆಯೇ ಎಂದು ಅವಳು ಹುಡುಕುತ್ತಾಳೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ.

ಹಾಗಾಗಿ ಗಡ್ಡದವರ ಸಂದೇಶ ಬಂದಾಗ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂದು ಅವಳು ಕುಣಿಯಬೇಕಿತ್ತು. ತಾನು ಬಾಯಿಬಿಟ್ಟು ಕೇಳದೆ, ಯಾರಿಗೂ ಕಾರಣ ಹೇಳದೆ, ಕೂಗು ಅಳಿಸಿಹೋಗುತ್ತಿತ್ತು. ಹಳೆಯ ಪ್ರತಿಗಳು ಎಲ್ಲೆಲ್ಲೋ ಉಳಿದಾವು, ಉಳಿಯಲಿ. ಆದರೆ ಇನ್ನು ಮುಂದೆ ಹುಟ್ಟುವ ಎಲ್ಲ ಭಾಷೆಯ ಪಾಠಗಳಲ್ಲೂ ಅವಳು ಇರುವುದಿಲ್ಲ. ಬಳಗದ ಪದ್ಧತಿಯ ಪ್ರಕಾರ ಯಾರು ಏನು ಬೇಕಾದರೂ ಬದಲಾಯಿಸಬಹುದು, ಮೂಲಪ್ರತಿಯನ್ನು ಬದಲಾಯಿಸಲು ಮಾತ್ರ ಪಾಠ ಹುಟ್ಟಿದ ಮನೆಯವರ ಹೂಂ ಬೇಕು. ಒಂದು ಹೂಂ. ಸಭೆಗೆ ಮೊದಲು ಅವಳು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಸ ತೆಗೆದ ಪ್ರತಿಯ ಆ ಜಾಗವನ್ನಷ್ಟೇ ಹಾಕಿ ನೋಡಿದಳು. ತಲೆಕೆಳಗು ಮಾಡಿ ಗುಣಿಸಿ ಎಂದ ಮೇಷ್ಟ್ರ ಕೈ ಅಲ್ಲಾಡಿತು, ಮರುಕ್ಷಣ ಅದೇ ಕೈಯಲ್ಲಿ ಹಗ್ಗ, ಅಲ್ಲಿಗೇ ನಿಲ್ಲಿಸಿದಳು. ಎಲ್ಲಿಂದ ಬಂತು? ಅವಳು ಇಲ್ಲ. ನಿಜವಾಗಿಯೂ ಇಲ್ಲ. ಎದೆ ಹಗುರಾಗುತ್ತದೆ ಎಂದು ಕಾದಳು. ಹಗುರಾಗುವ ಬದಲು, ತನ್ನದೇ ಮನೆಯೊಳಗೆ ಹೋಗಿ ತಾನು ಕೂರುವ ಕುರ್ಚಿ ಇಲ್ಲದ್ದನ್ನು ಕಂಡ ಹಾಗಾಯಿತು. ಥೂ, ಇದೆಂಥ ಆಸೆ, ಬೈದದ್ದೂ ಉಳಿಯಬೇಕು ಅನ್ನಿಸುವುದು ಎಂದು ತನ್ನನ್ನೇ ಗದರಿಕೊಂಡು ಪಾಠ ಮುಚ್ಚಿದಳು.

ಸಭೆಯಲ್ಲಿ ಗಡ್ಡದವರು ಬೇಗ ಮುಗಿಸುವ ಹುರುಪಿನಲ್ಲಿದ್ದರು. ಒಳ್ಳೆಯ ಮನುಷ್ಯ, ಎಲ್ಲವೂ ಒಪ್ಪವಾಗಿರಬೇಕು, ಅಷ್ಟೇ. "ಈ ಪಾಠ ಎಷ್ಟೋ ಭಾಷೆಗೆ ಹೋಗ್ತಿದೆ. ಪ್ರತಿ ಸಲ ಅನುವಾದ ಮಾಡೋರು ನನ್ನನ್ನ ಕೇಳ್ತಾರೆ, ಈ ಕೂಗನ್ನ ಏನು ಮಾಡೋದು ಅಂತ. ಒಬ್ಬರು ಅಲ್ಲಿ ಶಾಲೆ ಗಂಟೆ ಹಾಕಿದ್ದಾರೆ. ಇನ್ನೊಬ್ಬರು 'ಏನಾದರೂ ಅನುಮಾನ ಇದೆಯಾ' ಅಂತ ಹೇಳಿಸಿದ್ದಾರೆ. ಇದು ಗೊಂದಲ. ತೆಗೆದುಬಿಟ್ಟರೆ ಎಲ್ಲರಿಗೂ ಸುಲಭ. ಆಪರೇಟರ್, ನೀವು ಹೂಂ ಅಂದರೆ ಆಯ್ತು."

ಅವಳು ಬಾಯಿ ತೆರೆದಿದ್ದಳು. ಹೂಂ ಎನ್ನುವುದಕ್ಕೆ ಬಾಯಿ ತೆರೆಯಬೇಕಾಗಿಯೂ ಇರಲಿಲ್ಲ. ಅಷ್ಟರಲ್ಲಿ ದ್ವೀಪದ ಟೀಚರ ಕಿಟಕಿ ಹಳದಿ ಅಂಚು ಹೊದ್ದುಕೊಂಡಿತು, ಅವಳು ಮಾತಾಡುತ್ತಿದ್ದಾಳೆ ಎಂದು ಅರ್ಥ.

"ಬೇಡ ಬೇಡ. ಅವಳನ್ನ ತೆಗೀಬೇಡಿ."

"ಯಾಕೆ?" ಗಡ್ಡದವರು ಕೇಳಿದರು.

"ನಮ್ಮ ಮಕ್ಕಳು ಅವಳಿಗೆ ಕಾಯ್ತಾ ಕೂತಿರ್ತಾರೆ. ಮೊದಲನೇ ಸಲ ಹೇಳಿದ್ದು ಯಾರಿಗೂ ಅರ್ಥ ಆಗಲ್ಲ, ನನಗೇ ಆಗಿರಲಿಲ್ಲ. ಅವಳು ಕೂಗಿದ ತಕ್ಷಣ ಇಡೀ ಕ್ಲಾಸು ನೆಟ್ಟಗೆ ಕೂರುತ್ತೆ, ಈಗ ಸರಿಯಾಗಿ ಹೇಳ್ತಾರೆ ಅಂತ. ಅವಳೇ ಇಲ್ಲದಿದ್ರೆ ಮೇಷ್ಟ್ರು ಎದ್ದು ಹೋಗಿ ಹಗ್ಗ ತರೋದು ಯಾಕೆ? ನಾವು ಇದನ್ನ ನಾಟಕ ಕೂಡ ಆಡ್ತೀವಿ. ಅವಳ ಪಾತ್ರಕ್ಕೆ ಜಗಳ ಗೊತ್ತಾ? ಎಲ್ಲರಿಗೂ ಅವಳೇ ಆಗಬೇಕು." ಅವಳು ನಕ್ಕಳು, ಯಾರೋ ಹಿಂದಿನ ಬಾಗಿಲನ್ನು ತೆರೆದು ಮುಚ್ಚಿದರು, ಒಂದು ಕ್ಷಣ ಬಿಳಿಯ ಬಿಸಿಲು, ಬೇರೇನೂ ಕಾಣಲಿಲ್ಲ. "ಅವಳು ಏನಂತಾಳೆ ಅಂತ ಮಾತ್ರ ನಮಗೆ ಗೊತ್ತಿಲ್ಲ. ಮಕ್ಕಳು ತಾವೇ ತೀರ್ಮಾನ ಮಾಡ್ಕೊಂಡಿದ್ದಾರೆ, 'ನನಗೆ ಅರ್ಥ ಆಗಲಿಲ್ಲ, ಇನ್ನೊಂದು ಸಲ ಹೇಳಿ' ಅಂತಾಳೆ ಅಂತ. ಆಪರೇಟರ್, ಅದು ನಿಮ್ಮ ಭಾಷೆ ಅಲ್ವಾ? ನೀವು ಹೇಳಿ. ಏನಂತಾಳೆ ಅವಳು?"

ಕಿಟಕಿಗಳೆಲ್ಲ ಅವಳ ಕಡೆ ತಿರುಗಿದ ಹಾಗಾಯಿತು. ಬೆಕ್ಕಿನ ಬಾಲವೂ ನಡುವೆ ನಿಂತಿತು. ಊಟಕ್ಕೆ ಕರೀತಾಳೆ ಎನ್ನಬಹುದಿತ್ತು, ಎಂಥ ಸಲೀಸಾದ ಸುಳ್ಳು, ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಒಂದು ಕೋಣೆ ತುಂಬ ಮಕ್ಕಳು ಅವಳಾಗಲು ಜಗಳಾಡುತ್ತಿದ್ದಾರೆ. ಯಾವ ಮಗು ಅವಳಾಗುತ್ತದೆ, ಕೂಗುವಾಗ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತದೆಯೇ, ಮೇಷ್ಟ್ರಾದ ಮಗು ಎದ್ದು ಹೋಗುವಾಗ ಏನು ಮುಖ ಮಾಡುತ್ತದೆ? ನಾಚಿಕೆಗಿಂತ ಮೊದಲು ಅವಳಿಗೆ ಇದನ್ನೆಲ್ಲ ತಿಳಿಯಬೇಕೆನ್ನಿಸಿತು, ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ಆಮೇಲೆ ಬಂದದ್ದು ಬೇರೆಯೇ ಪ್ರಶ್ನೆ, ಇಷ್ಟು ವರ್ಷ ಮೇಷ್ಟ್ರನ್ನು ಕೇಳದೆ ಉಳಿದದ್ದು. ಸುಳ್ಳಾಗಲಿ ನಿಜವಾಗಲಿ, ಅದನ್ನು ಕೇಳದೆ ಈಗ ಒಂದು ಮಾತೂ ಹೊರಡುವುದಿಲ್ಲ ಎಂದು ಅವಳಿಗೆ ಖಚಿತವಾಯಿತು.

"ಒಂದು ನಿಮಿಷ," ಎಂದಳು ಆಪರೇಟರ್ ಧ್ವನಿಯಲ್ಲಿ. "ಲೈನಲ್ಲೇ ಇರಿ."

ಹಿತ್ತಿಲಲ್ಲಿ ಮೇಷ್ಟ್ರು ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದಿದ್ದರು. ಇನ್ನೊಂದು ತುದಿ ಗೋಡೆಯ ಮೊಳೆಗೆ ಎಟುಕುತ್ತಿರಲಿಲ್ಲ. ಅದಕ್ಕೆ ಅವರು ಒಂದು ಹಳೇ ತುಂಡನ್ನು ಜೋಡಿಸುತ್ತಿದ್ದರು. ಆ ಆರು ತುಂಡುಗಳಲ್ಲಿ ಒಂದು. ಅವೆಲ್ಲ ಮನೆಯಲ್ಲೇ ಇದ್ದವು, ಒಂದು ಗೇಟಿನ ಚಿಲಕವಾಗಿತ್ತು, ಒಂದು ಹಳೇ ಪೇಪರಿನ ಕಟ್ಟಿಗೆ, ಒಂದು ಬಳ್ಳಿಗೆ ಆಸರೆ, ಎಸೆಯಲು ಇಬ್ಬರಿಗೂ ಮನಸ್ಸಾಗಿರಲಿಲ್ಲ, ಆ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

"ರೀ."

"ಸಭೆ ಮುಗೀತಾ?"

"ಇಲ್ಲ. ಹೋಲ್ಡ್‌ನಲ್ಲಿ ಇಟ್ಟು ಬಂದಿದೀನಿ."

"ಪಾಪ. ಸಂಗೀತ ಗಿಂಗೀತ ಹಾಕಿ ಬಂದ್ಯಾ?"

ಅವಳಿಗೆ ನಗು ಬರಲಿಲ್ಲ. "ಭಾಗಾಕಾರದ ಪಾಠದಲ್ಲಿ ನಾನು ಕೂಗಿದ್ದು ಇದೆಯಲ್ಲ."

"ಹೂಂ."

"ಕೆಮ್ಮು ತೆಗೆದ್ರಿ. ನಾಯಿ ತೆಗೆದ್ರಿ. ಟೈರು ಅಂಗಡಿ ತೆಗೆದ್ರಿ. ನನ್ನನ್ನ ಯಾಕೆ ಬಿಟ್ರಿ?"

ಮೇಷ್ಟ್ರು ಗಂಟನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದರು. ತುಟಿಗೆ ಅಂಟಿದ ನಾರನ್ನು ಬೆರಳಿಂದ ತೆಗೆದುಹಾಕಿದರು. "ಇಷ್ಟು ವರ್ಷ ಬೇಕಾಯ್ತಲ್ಲ ನಿನಗೆ ಇದನ್ನ ಕೇಳೋಕೆ."

"ನೀವೇ ಹೇಳ್ತೀರೇನೋ ಅಂತ ಕಾದೆ."

"ನೀನೇ ಕೇಳ್ತೀಯೇನೋ ಅಂತ ನಾನು."

"ಸೇಡಿಗೆ ಬಿಟ್ರಾ?"

"ಸೇಡಾ?" ಅವರು ಮೊದಲ ಸಲ ತಿರುಗಿ ಅವಳನ್ನು ನೋಡಿದರು, ಕಷ್ಟದ ಲೆಕ್ಕವನ್ನು ತಪ್ಪಾಗಿ ಬಿಡಿಸಿದ ಜಾಣ ಹುಡುಗಿಯನ್ನು ನೋಡುವ ಹಾಗೆ. "ಅವತ್ತು ಸಿಟ್ಟು ಬಂದಿತ್ತು, ಇಲ್ಲ ಅನ್ನಲ್ಲ. ಬೇಜಾರೂ ಆಗಿತ್ತು. ಸಿಟ್ಟಲ್ಲೇ ಅಲ್ವಾ ನಿನ್ನ ಹಗ್ಗ ಎತ್ಕೊಂಡು ಹೋಗಿದ್ದು. ಮೇಜಿನ ಹತ್ರ ಹೋಗಿ ನೋಡ್ತೀನಿ, ಪಾಠ ಆ ಹಗ್ಗದಲ್ಲೇ ಇದೆ. ಮಾರನೇ ದಿನ ಕೂತ್ಕೊಂಡು ಸದ್ದು ತೆಗೆಯುವಾಗ ಎಲ್ಲಕ್ಕಿಂತ ಮೊದಲು ತೆಗೆದದ್ದು ನಿನ್ನದೇ. ನಾಯಿಗಿಂತ ಮೊದಲು."

"ಮತ್ತೆ?"

"ತೆಗೆದು ಹಾಕಿ ಕೇಳಿದೆ. ಯಾವನೋ ಒಬ್ಬ ಇದ್ದಕ್ಕಿದ್ದ ಹಾಗೆ ಹಗ್ಗ ಕತ್ತರಿಸ್ತಿದ್ದಾನೆ. ಯಾರಿಗೆ ಹೇಳ್ತಿದ್ದಾನೆ ಅಂತಾನೇ ಗೊತ್ತಾಗ್ತಿಲ್ಲ. ಹುಚ್ಚನ ಹಾಗೆ ಕಂಡೆ ನಾನು. ವಾಪಸ್ ಹಾಕಿದೆ."

ಗೋಡೆಯಾಚೆ ಟೈರು ಅಂಗಡಿಯ ಸುತ್ತಿಗೆ ಎರಡು ಸಲ ಬಡಿದು ಸುಮ್ಮನಾಯಿತು. ಲೈನಮ್ಮ ಒಂದು ಹೆಜ್ಜೆ ಹತ್ತಿರ ಬಂದಳು. "ಮಕ್ಕಳಿಗೆ ಅಲ್ವಾ ನೀವು ಹೇಳ್ತಿದ್ದದ್ದು?"

"ಮೊದಲನೇದು ಮಕ್ಕಳಿಗೆ. ಎರಡನೇದು ನಿನಗೆ. ಮತ್ತೆ ಇನ್ಯಾರಿದ್ರು ಮನೇಲಿ?"

"ನಾನು ಇಲ್ಲಿದ್ದೆ, ಹೊರಗೆ. ನನಗೆಲ್ಲಿ ಕೇಳಿಸ್ಬೇಕು?"

"ಅದಕ್ಕೇ ರೆಕಾರ್ಡ್ ಆಗಿದೆಯಲ್ಲ." ಅವರು ಮತ್ತೆ ಹಗ್ಗಕ್ಕೆ ತಿರುಗಿದರು. "ಆಮೇಲೂ ಕೇಳ್ಲಿಲ್ವಾ?"

"ಹೋಲ್ಡ್‌ನಲ್ಲಿದ್ದಾರೆ," ಎಂದು ಅವಳು ಒಳಗೆ ಓಡಿದಳು. ಓಡುವಾಗ ಬಚ್ಚಲ ಹೊಸ್ತಿಲಿಗೆ ಕಾಲ್ಬೆರಳು ತಾಗಿತು, ಆ ನೋವು ಎಷ್ಟೋ ವಾಸಿ ಅನ್ನಿಸಿತು.

ಯಾರೂ ಹೋಗಿರಲಿಲ್ಲ. ಬೆಕ್ಕು ಕೊನೆಗೂ ಇಡಿಯಾಗಿ ಕಾಣಿಸಿಕೊಂಡಿತ್ತು, ಬೂದು ಬಣ್ಣದ್ದು, ಒಂದು ಕಿವಿ ಹರಿದದ್ದು, ಎಲ್ಲರೂ ಅದನ್ನೇ ಮಾತಾಡಿಸುತ್ತಿದ್ದರು. ಲೈನಮ್ಮ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಅವಳು ಅನ್ನೋದು ಇದು," ಎಂದಳು. ಒಂದು ಸಲ ತನ್ನ ಭಾಷೆಯಲ್ಲಿ ಹೇಳಿದಳು, ಕೂಗದೆ, ಒಂದೊಂದೇ ಮಾತಾಗಿ. ಆಮೇಲೆ ಎಲ್ಲರಿಗೂ ಅರ್ಧಂಬರ್ಧ ಬರುವ ಭಾಷೆಯಲ್ಲಿ: "ನಿಲ್ಲಿಸಿ. ನಿಮ್ಮ ಪಾಠವನ್ನ ಯಾರು ಕೇಳ್ತಾರೆ?"

ಯಾರಾದರೂ ಛೇ ಎನ್ನುತ್ತಾರೆ, ಯಾರಾದರೂ ನಗುತ್ತಾರೆ ಎಂದು ಅವಳು ಭುಜ ಕುಗ್ಗಿಸಿ ಕಾದಳು. ಗಡ್ಡದವರು ಗಡ್ಡ ನೀವಿಕೊಂಡರು. ಕಪಾಟಿನ ಹಿಡಿಯ ಹುರಿಯನ್ನು ಯಾಕೋ ಒಮ್ಮೆ ಮುಟ್ಟಿದರು. "ನಾನು ಮಾಡಿದ ಯಾವ ಪಾಠದಲ್ಲೂ ಈ ಪ್ರಶ್ನೆ ಇಲ್ಲ," ಎಂದರು ಮೆಲ್ಲಗೆ. "ಯಾರೂ ಕೇಳಲಿಲ್ಲ ನನ್ನನ್ನ. ಕೇಳಿದ್ದರೆ ಚೆನ್ನಾಗಿತ್ತು. ಇರಲಿ ಅವಳು. ನನ್ನ ಪ್ರತಿ ವಾಪಸ್ ತಗೋತೀನಿ."

ದ್ವೀಪದ ಟೀಚರು ಏನನ್ನೋ ಯೋಚಿಸುತ್ತಿದ್ದಳು. "ಅಂದ್ರೆ ಅವಳು ನಿಜವಾಗ್ಲೂ ಕೇಳಿದ್ದು ಅದನ್ನ. ಮಕ್ಕಳು ನಾಳೆ ಬಿಡಲ್ಲ ನನ್ನನ್ನ. ನಾವು ಕೇಳ್ತೀವಿ ಅಂತ ಅವಳಿಗೆ ಹೇಳಬೇಕು ಅಂತಾರೆ." ಅವಳು ಪರದೆಗೆ ಹತ್ತಿರ ಬಾಗಿದಳು. "ಆಪರೇಟರ್, ಅವಳು ಈಗಲೂ ಇದ್ದಾಳಾ?"

ಎಷ್ಟೋ ಕಾಲ ಲೈನಮ್ಮ ಈ ಕಿಟಕಿಗಳನ್ನು ಈ ಕಡೆಯಿಂದ ಮಾತ್ರ ನೋಡಿದ್ದಳು. ಈಗ ತನ್ನ ಬೆನ್ನ ಹಿಂದೆ ಅವರಿಗೆ ಏನು ಕಾಣುತ್ತಿರಬಹುದು ಎನ್ನಿಸಿತು: ತೆರೆದ ಅಡುಗೆಮನೆ ಬಾಗಿಲು, ಅದರಾಚೆ ಹಿತ್ತಿಲು, ಹಗ್ಗದ ತುದಿ ಹಿಡಿದುಕೊಂಡು ನಿಂತ ಒಬ್ಬ ಮನುಷ್ಯ.

"ಇದ್ದಾಳೆ," ಎಂದಳು. "ಹೇಳ್ತೀನಿ."

ಕಿಟಕಿಗಳು ಒಂದೊಂದಾಗಿ ಆರಿದವು. ಅವಳು ಕಂಪ್ಯೂಟರನ್ನು ಎತ್ತಿಕೊಂಡು, ವೈರು ನೆಲಕ್ಕೆ ತಾಗುತ್ತ ಬರುತ್ತಿದ್ದರೂ ಲೆಕ್ಕಿಸದೆ, ಹಿತ್ತಿಲ ಮೆಟ್ಟಿಲ ಮೇಲೆ ಬಂದು ಕೂತಳು. ಬೆಳಿಗ್ಗೆ ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲಿ ಹಾಗೇ ಇತ್ತು. ಮೇಷ್ಟ್ರು ಮೊಳೆಗೆ ಗಂಟು ಹಾಕುತ್ತ "ಏನಂತೆ?" ಎಂದರು.

"ಕೇಳ್ತಾರಂತೆ."

"ಯಾರು?"

"ಎಲ್ಲ." ಅವಳ ಬೆರಳು ಪಾಠವನ್ನು ಹುಡುಕುತ್ತಿತ್ತು, ಮೂಲದ್ದನ್ನು, ಕಸ ಇರುವುದನ್ನು. "ನಾನೊಬ್ಬಳನ್ನ ಬಿಟ್ಟು."

ಮೇಷ್ಟ್ರು ಹಗ್ಗವನ್ನು ಒಮ್ಮೆ ಜಗ್ಗಿ ನೋಡಿದರು, ತಡೆಯುತ್ತದೆ ಎಂದು ಗೊತ್ತಾದ ಮೇಲೆ ಬಂದು ಎರಡು ಮೆಟ್ಟಿಲು ಕೆಳಗೆ ಕೂತರು. ಪರದೆಯ ಮೇಲೆ ಎರಡು ಕೈ, ಕರಿಹಲಗೆ, ಅಂಕಿಗಳ ಪಲ್ಟಿ. ಆಮೇಲೆ ಬಂತು ಅದು. ಅವಳ ಬೆರಳು ಅಭ್ಯಾಸಬಲದಿಂದ ಮುಂದೆ ಹೋಯಿತು, ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಧ್ವನಿ ಅವಳು ನೆನಪಿಟ್ಟುಕೊಂಡಷ್ಟು ಒರಟಾಗಿರಲಿಲ್ಲ. ಬಾಗಿಲಾಚೆಯಿಂದ ಬಂದದ್ದು, ಸಣ್ಣದು, ದಣಿದದ್ದು, ತನ್ನ ಮಾತನ್ನೂ ಯಾರಾದರೂ ಕೇಳಲಿ ಎಂದು ಕಾದು ಸೋತವಳದ್ದು. ಪಾಪ ಅನ್ನಿಸಿತು. ಕೈಗಳು ಹೋದವು. ಖಾಲಿ ಮೇಜು, ಅದರ ಮೇಲೆ ಸುಣ್ಣದ ಪುಡಿ, ದೂರದಲ್ಲಿ ಒಂದು ಬಕೆಟ್ಟಿನ ಸದ್ದು, ಅದೂ ಅವಳದೇ. ಬಹಳ ಹೊತ್ತು. ಪಾಠದಲ್ಲಿ ಇಲ್ಲಿಯವರೆಗೆ ಅವಳು ಎಂದೂ ಬಂದಿರಲಿಲ್ಲ. ಕೈಗಳು ವಾಪಸ್ಸು ಬಂದವು, ಹಗ್ಗವನ್ನು ಮೇಜಿನ ಉದ್ದಕ್ಕೂ ನಿಧಾನವಾಗಿ ಹಾಸಿದವು, ಒಂದು ಕಡೆ ಮುದುರಿದ್ದನ್ನು ಸರಿ ಮಾಡಿದವು. ಆಮೇಲೆ ಬಂದದ್ದು ಹಲಗೆಗೆ ಹೇಳುವಾಗ ಇದ್ದ ಧ್ವನಿ ಅಲ್ಲ, ಊಟ ಮಾಡುವಾಗ ಪಕ್ಕದಲ್ಲಿ ಕೂತು ಮಾತಾಡುವಾಗಿನದ್ದು.

"ಸರಿ ಕಣೇ," ಎಂದಿತು ಅದು. "ಮೊದಲಿಂದ ಹೇಳ್ತೀನಿ, ಕೇಳು."

ಲೈನಮ್ಮ ಕೇಳಿದಳು.